ಹತ್ತಿಗೋಡೆಯ ಹಿಂದಿನ ಬಾಗಿಲು

ಮಕ್ಕಳು ಶಾಲೆಯಿಂದ ಬಂದ ಕೂಡಲೇ "ಇವತ್ತು ಏನು ಹೇಳಿಕೊಟ್ಟರು?" ಎಂದು ಎಲ್ಲರ ಮನೆಯಲ್ಲೂ ಕೇಳುತ್ತಾರೆ. ಉತ್ತರ ಕೇಳುವ ಪುರುಸೊತ್ತು ಮಾತ್ರ ಬಹಳ ಮನೆಗಳಲ್ಲಿ ಇರುವುದಿಲ್ಲ. ಒಲೆಯ ಮೇಲೆ ಹಾಲಿರುತ್ತದೆ, ಬಾಗಿಲಲ್ಲಿ ಗಿರಾಕಿ ನಿಂತಿರುತ್ತಾನೆ. ಮಗು ಅರ್ಧ ಹೇಳಿ ಸುಮ್ಮನಾಗುತ್ತದೆ.

ಹಾಸಿಗೆ ಹೊಲಿಯುವವನ ಮನೆಯಲ್ಲೂ ಹಾಗೆಯೇ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವನ ಅಂಗಡಿ. ಹತ್ತಿ ಹಿಂಜುವ ಯಂತ್ರ ಗರಗರ ಎನ್ನುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಹಳೆಯ ದಿಂಬು, ಹಾಸಿಗೆಗಳ ಗಟ್ಟಿ ಹತ್ತಿ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ನೊರೆಯಂತೆ ಉಬ್ಬಿ ಬರುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ಮಲಗುವುದು. ಅದರ ಹಿಂದೆ, ಮನೆಯ ಕೊನೆಯಲ್ಲಿ, ಅವನ ತಾಯಿಯ ಕೋಣೆ. ಅಜ್ಜಿ ಊರುಗೋಲು ಹಿಡಿದು ನಿಧಾನವಾಗಿ ನಡೆಯುತ್ತಾರೆ. ಅವರ ಚಹಾ ಲೋಟದ ಮೇಲೆ ಸೊಸೆ ಯಾವಾಗಲೂ ಒಂದು ತಟ್ಟೆ ಮುಚ್ಚಿ ತರುತ್ತಾಳೆ, ಹಾರುವ ಹತ್ತಿಯ ಎಳೆ ಬೀಳಬಾರದೆಂದು.

ಆ ಮಧ್ಯಾಹ್ನ ಅದೇ ಬೀದಿಯ ನರ್ಸ್ ತನ್ನ ದಿಂಬು ತೆಗೆದುಕೊಂಡು ಹೋಗಲು ಬಂದು ಕೂತಿದ್ದಳು. ಅವಳು ಆಸ್ಪತ್ರೆಯಲ್ಲಿ ಸುಟ್ಟಗಾಯದವರ ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ. ದಿಂಬಿನ ಬಾಯಿ ಹೊಲಿಯುವುದೊಂದು ಬಾಕಿ. ಅಷ್ಟರಲ್ಲಿ ಶಾಲೆ ಬಿಟ್ಟು ಮಗಳು ಬಂದಳು. ಮೂರನೇ ತರಗತಿ, ಎಲ್ಲರೂ ಚೂಟಿ ಎಂದು ಕರೆಯುವ ಹುಡುಗಿ. ಚೀಲ ಇಳಿಸುವ ಮೊದಲೇ ಒಂದು ಹಾಳೆ ಹೊರತೆಗೆದಳು.

"ಅಪ್ಪಾ, ನೋಡು. ನಮ್ಮನೆ!"

ಅಪ್ಪ ದಬ್ಬಣದಿಂದ ಕಣ್ಣೆತ್ತಲಿಲ್ಲ. "ಮತ್ತೆ ಚಿತ್ರಾನಾ? ನಿನ್ನೆ ಎಲೆ ಬರೆದ್ಯಲ್ಲ, ಮೊನ್ನೆ ಮೋಡ. ಮಗ್ಗಿ ಯಾವಾಗಮ್ಮಾ ಹೇಳ್ಕೊಡ್ತಾರೆ ನಿನ್ನ ಟೀಚರ್ರು?"

"ಇದು ಚಿತ್ರ ಅಲ್ಲ, ನಕ್ಷೆ. ಸೂರು ತೆಗೆದಿಟ್ಟು ಮೇಲಿಂದ ಕಾಗೆ ನೋಡಿದ್ರೆ ಹೆಂಗೆ ಕಾಣುತ್ತೋ ಹಂಗೆ ಬರೀಬೇಕು. ಯಾರು ಎಲ್ಲಿ ಮಲಗ್ತಾರೆ, ಬಾಗಿಲು ಎಲ್ಲಿದೆ, ಎಲ್ಲಾ."

"ಸೂರು ತೆಗೆದಿಡೋದಂತೆ! ಹಾಕಿಸೋಕೇ ಹೆಣಗಾಡಿದೀನಿ ನಾನು."

ನರ್ಸ್ ನಕ್ಕು ಹಾಳೆಗೆ ಕೈ ಚಾಚಿದಳು. ನಕ್ಷೆ ಚೆನ್ನಾಗಿತ್ತು. ಯಂತ್ರಕ್ಕೆ ಹಲ್ಲುಗಳಿದ್ದವು. ಅಜ್ಜಿಯ ಮಂಚದ ಪಕ್ಕ ಊರುಗೋಲೂ ಇತ್ತು.

"ಈ ನಕ್ಷೆ ಇಟ್ಕೊಂಡು ಏನೋ ಆಟ ಆಡಿಸ್ತಾರಲ್ವಾ, ಚೂಟಿ?"

"ಹೂಂ, ಸಿಸ್ಟರ್. ಒಬ್ಬೊಬ್ಬರು ಮಲಗೋ ಜಾಗದಲ್ಲೂ ಬೆರಳಿಟ್ಟು ಹೊರಗೆ ಹೋಗ್ಬೇಕು. ಆಮೇಲೆ ಬೇರೆ ದಾರೀಲೂ ಹೋಗ್ಬೇಕು. ಬೆಂಕಿಗಿಂಕಿ ಆದ್ರೆ ಒಂದೇ ದಾರಿ ಸಾಲಲ್ವಂತೆ. ನಮ್ಮನೆಗೆ ಒಂದೇ ದಾರಿ. ಅಜ್ಜಿ ಬೆರಳು ಸುಮಾರು ದೂರ ಬಂದು, ಯಂತ್ರದ ಪಕ್ಕದಲ್ಲೇ ಹೋಗ್ಬೇಕು."

ಅಪ್ಪ ಈಗ ತಲೆಯೆತ್ತಿದ. "ಒಂದೇ ದಾರಿನಾ? ಹಿಂದಿನ ಬಾಗಿಲು?"

"ಯಾವ ಹಿಂದಿನ ಬಾಗಿಲು?"

"ಅಜ್ಜಿ ಕೋಣೇಲಿ ಇಲ್ವೇನೇ, ಹಿತ್ತಲ ಓಣಿಗೆ?"

"ಅಲ್ಲಿ ಹತ್ತಿಗೋಡೆ ಇದೆ," ಎಂದಳು ಚೂಟಿ.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಕೇಳಿದ್ರಾ ಸಿಸ್ಟರ್? ಹುಟ್ಟಿ ಬೆಳೆದ ಮನೆಗೆ ಎಷ್ಟು ಬಾಗಿಲು ಅಂತ ಗೊತ್ತಿಲ್ಲ ಇವಳಿಗೆ! ಇದನ್ನಾ ಕಲಿಸೋದು ಶಾಲೇಲಿ? ನಾಳೆ ಬಂದು ನಿನ್ನ ಟೀಚರನ್ನೇ ಕೇಳ್ತೀನಿ, ತಾಳು."

ಹುಡುಗಿಯ ಮುಖ ಸಣ್ಣದಾಯಿತು. ನರ್ಸ್ ಹಾಳೆಯನ್ನು ಮಡಚದೆ ತೊಡೆಯ ಮೇಲೆ ನೆಟ್ಟಗೆ ಹರಡಿಕೊಂಡಳು. "ಹತ್ತಿಗೋಡೆ ಅಂದ್ರೆ ಏನು? ನಾನೂ ನೋಡಬಹುದಾ?"

ಎಲ್ಲರೂ ಒಳಗೆ ಹೋದರು. ಅಜ್ಜಿಯ ಕೋಣೆಯ ಹಿಂದಿನ ಗೋಡೆಗೆ ಹತ್ತಿಮೂಟೆಗಳನ್ನು ಸೂರು ಮುಟ್ಟುವಷ್ಟು ಒಟ್ಟಿದ್ದರು. ನೋಡಲು ಒರಟಾಗಿ ಕಾಣಬಾರದೆಂದು ಸೊಸೆ ಅದರ ಮೇಲೆ ನೀಲಿ ಪರದೆ ಹೊಲಿದು ಇಳಿಬಿಟ್ಟಿದ್ದಳು. ಚೂಟಿ ಅಂಬೆಗಾಲಿಡುವಾಗಿಂದ ಅದಕ್ಕೆ ಒರಗಿ ಆಡಿದವಳು. ಅವಳ ಮಟ್ಟಿಗೆ ಅದು ಮೆತ್ತನೆಯ ಗೋಡೆ, ಅಷ್ಟೆ.

"ಇದರ ಹಿಂದೆ ಬಾಗಿಲಿದೆಯಾ?" ನರ್ಸ್ ಕೇಳಿದಳು.

"ಇದೆ, ಗಟ್ಟಿ ಬಾಗಿಲು. ಅದರ ಸಂದಿಯಿಂದ ಗಾಳಿ ಬಂದು ಅಮ್ಮನ ಮಂಡಿ ಹಿಡ್ಕೊಳ್ತಿತ್ತು. ಅದಕ್ಕೇ ಮೂಟೆ ಒಟ್ಟಿದೆ. ಆಮೇಲಿಂದ ಒಂದು ದಿನ ಮಂಡಿನೋವು ಅಂದಿಲ್ಲ. ಅಲ್ವೇನಮ್ಮಾ?"

"ಹೌದಪ್ಪ, ಬೆಚ್ಚಗಿದೆ," ಎಂದರು ಅಜ್ಜಿ.

ನರ್ಸ್ ಪರದೆ ಸರಿಸಿ ಒಂದು ಮೂಟೆಯನ್ನು ಒತ್ತಿ ನೋಡಿದಳು. ಆಮೇಲೆ, "ನಿಮ್ಮಮ್ಮನ ಮೇಲೆ ನಿಮಗಿರೋ ಕಾಳಜಿ ಗೊತ್ತಾಗುತ್ತೆ. ಆದ್ರೆ ಕಿಡಿ ಬಿದ್ರೆ ಮೊದಲು ಬೀಳೋದು ಎಲ್ಲಿ?" ಎಂದಳು.

"ಕಿಡಿ ಎಲ್ಲಿಂದ ಬರುತ್ತೆ ಸಿಸ್ಟರ್? ನಮ್ಮಪ್ಪನ ಕಾಲದಿಂದ ಹತ್ತೀಲೇ ಬದುಕಿದೀವಿ. ಒಂದೇ ಒಂದು ಕಿಡಿ ಹಾರಿಲ್ಲ."

"ಹಾರಿಲ್ವಾ?" ಅಡುಗೆಯ ಕಡೆಯಿಂದ ಬಂದ ಹೆಂಡತಿ ಕೇಳಿದಳು. "ಆ ಹಳೇ ದಿಂಬಲ್ಲಿ ಪಿನ್ನು ಸಿಕ್ಕಿ ಯಂತ್ರದೊಳಗೆ ಫಳ್ ಅಂದಿದ್ದು ಮತ್ತೇನು?"

"ಅದು ಕಿಡಿ ಅಲ್ಲ. ಸುಮ್ನೆ ಹೊಳೀತು."

"ಹೊಳೆದ ಕೂಡ್ಲೇ ನೀವು ಹಾರಿ ಬೀದೀಲಿದ್ರಿ."

ಅಜ್ಜಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನರ್ಸ್ ನಗಲಿಲ್ಲ. "ಹಳೇ ಹತ್ತೀಲಿ ಪಿನ್ನು, ಮೊಳೆ ಇದ್ದೇ ಇರುತ್ತೆ. ಯಂತ್ರದ ಹಲ್ಲಿಗೆ ತಾಗಿದ್ರೆ ಕಿಡಿ. ಹತ್ತಿ ಕೂಡಲೇ ಉರೀಲೇಬೇಕು ಅಂತಿಲ್ಲ. ಒಳಗೊಳಗೇ ಹೊಗೆಯಾಡ್ತಾ ಇದ್ದು, ಎಲ್ಲರೂ ಮಲಗಿದ ಮೇಲೂ ಹತ್ತಿಕೊಳ್ಳಬಹುದು. ನಮ್ಮ ವಾರ್ಡಿಗೆ ಬರೋ ಎಷ್ಟೋ ಜನರನ್ನ ಬೆಂಕಿ ಮುಟ್ಟೇ ಇರಲ್ಲ, ಹೊಗೆ ಕುಡಿದಿರ್ತಾರೆ. ಬೆಂಕಿ ಮುಂದಿನ ಕೋಣೇಲಿ, ಬೀದಿ ಬಾಗಿಲೂ ಅಲ್ಲೇ. ಹೊಗೆ ಹಿಂದಕ್ಕೆ ಬರುತ್ತೆ. ಆಗ ಇವರು ಎಲ್ಲಿಗೆ ಹೋಗ್ಬೇಕು, ಹೇಳಿ."

"ಮೂಟೆ ತೆಗೆದ್ರೆ ಅಮ್ಮನಿಗೆ ಥಂಡಿ ಹತ್ತುತ್ತೆ," ಎಂದ ಅವನು. ದನಿ ಸ್ವಲ್ಪ ಬಿಗಿಯಾಗಿತ್ತು.

ಅಜ್ಜಿ ಲೋಟದ ಮೇಲಿನ ತಟ್ಟೆ ಸರಿಸಿ ಒಂದು ಗುಟುಕು ಕುಡಿದರು. "ಗಾಳಿ ಬಂದ್ರೆ ಹೊದ್ಕೋತೀನಿ ಕಣೋ. ಹೊಗೆ ಬಂದ್ರೆ ಏನು ಹೊದ್ಕೊಳ್ಳಲಿ?"

"ಅಷ್ಟೆಲ್ಲಾ ಬೇಡ," ಎಂದ ಮಗ. "ಹೊತ್ತಿಗೆ ಬೇಕಾದ್ರೆ ಒಂದು ನಿಮಿಷದಲ್ಲಿ ತೆಗೀತೀನಿ ಈ ಬಾಗಿಲು."

"ತೆಗಿ ಅಪ್ಪಾ," ಎಂದಳು ಚೂಟಿ. "ನಾನೂ ನೋಡಿಲ್ವಲ್ಲ."

ಅವನು ಪರದೆ ಕಿತ್ತು ಮೇಲಿನ ಮೂಟೆಗೆ ಕೈ ಹಾಕಿದ. ಅದು ಕೆಳಗಿನದಕ್ಕೆ ಅಂಟಿಕೊಂಡಿತ್ತು. ಎಳೆದಾಗ ಎರಡೂ ಒಟ್ಟಿಗೆ ಉರುಳಿ, ಅಜ್ಜಿ ಕಾಲು ಮೇಲೆತ್ತಿಕೊಳ್ಳಬೇಕಾಯಿತು. ಮೂಟೆಗಳನ್ನು ಇಡಲು ಜಾಗವಿಲ್ಲ. ಅಡುಗೆಯ ಕೋಣೆ ದಾಟಿಸಿ ಅಂಗಡಿಗೆ ಸಾಗಿಸಬೇಕು. ಹೆಂಡತಿ ಸೇರಿಕೊಂಡಳು. ನರ್ಸ್ ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ತಾನೂ ಒಂದು ಮೂಟೆಯ ಕಿವಿ ಹಿಡಿದಳು.

ಕೊನೆಗೂ ಬಾಗಿಲು ಕಂಡಿತು. ಚಿಲಕಕ್ಕೆ ತುಕ್ಕು. ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ಬಡಿದರು. ಚಿಲಕ ಬಿಟ್ಟಿತು, ಬಾಗಿಲು ಬಿಡಲಿಲ್ಲ. ಮರ ಉಬ್ಬಿ ಚೌಕಟ್ಟಿಗೆ ಕಚ್ಚಿತ್ತು. ಅವನು ಭುಜ ಕೊಟ್ಟು ನೂಕಿದ. ಇನ್ನೊಮ್ಮೆ ನೂಕಿದ. ಹೊರಗಿನಿಂದ ಏನೋ ಧಡಧಡ ಬಿದ್ದ ಸದ್ದು, ಅದರ ಹಿಂದೆಯೇ ಒಬ್ಬನ ಕೂಗು.

"ಯಾರ್ರೀ ಅದು, ಗೋಡೆ ಒಡೀತಿರೋದು?"

ಓಣಿಯ ಸೈಕಲ್ ರಿಪೇರಿಯವನ ದನಿ. ಅವನು ಹಳೆಯ ಟೈರುಗಳ ಕಬ್ಬಿಣದ ಚೌಕಟ್ಟನ್ನು ಹೊರಗಡೆಯಿಂದ ಅದೇ ಬಾಗಿಲಿಗೆ ಆನಿಸಿ ನಿಲ್ಲಿಸಿದ್ದ.

"ಗೋಡೆ ಅಲ್ಲ ಮಾರಾಯ, ಬಾಗಿಲು!" ಒಳಗಿನಿಂದ ಇವನು ಕೂಗಿದ.

"ಬಾಗಿಲಾ? ಇಲ್ಲಿ ಬಾಗಿಲಿತ್ತಾ? ನಾನು ಯಾರೋ ಹಲಗೆ ಬಡಿದು ಮುಚ್ಚಿದಾರೆ ಅಂದ್ಕೊಂಡಿದ್ದೆ!"

ಒಳಗೆ ಎಲ್ಲರೂ ಚೂಟಿಯ ಕಡೆ ನೋಡಿದರು.

ರಿಪೇರಿಯವನು ಟೈರುಗಳನ್ನು ಸರಿಸಿ ಹೊರಗಿನಿಂದ ಎಳೆದ, ಇವನು ಒಳಗಿನಿಂದ ನೂಕಿದ. ಬಾಗಿಲು ಕಿರ್ರೆಂದು ತೆರೆಯುವಷ್ಟರಲ್ಲಿ ಅಜ್ಜಿಯ ಲೋಟದಲ್ಲಿ ಉಳಿದ ಚಹಾದ ಮೇಲೆ ಕೆನೆ ಕಟ್ಟಿತ್ತು. ಸಂಜೆಯ ಬಿಸಿಲು ಓಣಿಯಿಂದ ಒಳಗೆ ಬಂದು ಮಂಚದ ಕಾಲಿನವರೆಗೆ ಚಾಚಿತು.

ಅಪ್ಪ ಹೊಸ್ತಿಲ ಮೇಲೆ ಕೂತು ಬೆವರು ಒರೆಸಿಕೊಂಡ. ನರ್ಸ್ ಒಂದು ಲೋಟ ನೀರು ತಂದುಕೊಟ್ಟಳು. ಅವನೇ ತಾಯಿಯ ಕಡೆ ತಿರುಗಿದ.

"ಬೆಚ್ಚಗಿರ್ಲಿ ಅಂತ ಮಾಡಿದೆ ಅಮ್ಮಾ."

"ಗೊತ್ತು ಬಿಡೋ," ಎಂದರು ಅಜ್ಜಿ.

ಸ್ವಲ್ಪ ಸುಧಾರಿಸಿಕೊಂಡು ಅವನು ಮಗಳ ಪೆನ್ಸಿಲ್ ತೆಗೆದುಕೊಂಡ. "ಕೊಡು, ಬಾಗಿಲು ನಾನೇ ಬರೀತೀನಿ."

ಚೂಟಿ ಹಾಳೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಈಗಲೇ ಬರೀಬಾರ್ದು. ಆ ಕೋಣೇಲಿ ಮಲಗೋರೇ ತೆಗೆಯೋ ಹಂಗಿದ್ರೆ ಮಾತ್ರ ಬಾಗಿಲು ಅಂತ ಬರೀಬೇಕಂತೆ. ಟೀಚರ್ ಹೇಳಿದಾರೆ."

ಮರುದಿನ ಬಡಗಿ ಬಂದು ಬಾಗಿಲಿನ ಅಂಚು ಹೆರೆದ. ಚಿಲಕ ಬದಲಾಯಿಸಿ ಅಜ್ಜಿಯ ಕೈಗೆಟುಕುವಷ್ಟು ಕೆಳಗೆ ಹಾಕಿದ. ಅಂಗಡಿಗೆ ಸಾಗಿಸಿದ ಮೂಟೆಗಳನ್ನು ಯಂತ್ರದಿಂದ ದೂರ, ಬೀದಿ ಬಾಗಿಲಿಗೆ ಅಡ್ಡವಾಗದಂತೆ ಒಟ್ಟಿದರು. ಅಪ್ಪ ಗಟ್ಟಿ ಬಟ್ಟೆಯಲ್ಲಿ ಹತ್ತಿ ತುಂಬಿ ಬಾಗಿಲಿನಷ್ಟೇ ಅಗಲದ ಸುರುಳಿ ಹೊಲಿದ. ಅದನ್ನು ಬಾಗಿಲ ಬುಡದ ಸಂದಿಗೆ ಒತ್ತಿಟ್ಟರೆ ಗಾಳಿ ನುಸುಳುವುದಿಲ್ಲ, ಊರುಗೋಲಿನಿಂದ ತಳ್ಳಿದರೆ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೂ ಅವನು ಗಿರಾಕಿಗಳಿಗೆ ತೋರಿಸುವ ಒಳ್ಳೆಯ ಹತ್ತಿಯನ್ನೇ ಹಾಕಿದ್ದ. ಓಣಿಯಲ್ಲಿ ಸೈಕಲ್ ರಿಪೇರಿಯವನು ಬಾಗಿಲ ಮುಂದೆ ಸುಣ್ಣದಿಂದ ಗೆರೆ ಎಳೆದ. ಆ ಗೆರೆಯೊಳಗೆ ಒಂದು ಟ್ಯೂಬೂ ಇಡುವುದಿಲ್ಲವೆಂದು ಅವನೇ ಹೇಳಿದ. ಯಾರೂ ಕೇಳಿರಲಿಲ್ಲ.

ಆಮೇಲೆ ಚೂಟಿ ಅಜ್ಜಿಯನ್ನು ಮಂಚದ ಮೇಲೆ ಕೂರಿಸಿದಳು. "ಈಗ ಒಬ್ಬರೇ ಬರ್ಬೇಕು ಅಜ್ಜಿ. ನಾವ್ಯಾರೂ ಕೈ ಹಿಡಿಯಲ್ಲ."

ಅಜ್ಜಿ ಎದ್ದರು. ಊರುಗೋಲಿನಿಂದ ಸುರುಳಿಯನ್ನು ತಳ್ಳಿದರು, ಚಿಲಕ ಸರಿಸಿದರು, ಬಾಗಿಲು ನೂಕಿದರು. ಸುಣ್ಣದ ಗೆರೆಯವರೆಗೆ ಹೋಗಿ ನಿಂತು, ಓಣಿಯ ಎರಡೂ ಕಡೆ ನೋಡಿದರು.

"ಇಷ್ಟು ಹತ್ತಿರ ಇತ್ತೇ ಹೊರಗೆ!"

ಚೂಟಿ ರಬ್ಬರಿನಿಂದ ಗೋಡೆಯ ಗೆರೆಯನ್ನು ಸ್ವಲ್ಪ ಅಳಿಸಿದಳು. ಅಲ್ಲಿ ಬಾಗಿಲು ಬರೆದಳು.

ಅಪ್ಪ ಈಗ ಹಳೆಯ ಹತ್ತಿಯನ್ನು ಯಂತ್ರಕ್ಕೆ ಹಾಕುವ ಮೊದಲು ಬಿಡಿಸಿ, ಅದರ ಮೇಲೆ ಅಯಸ್ಕಾಂತ ಆಡಿಸುತ್ತಾನೆ. ಸಿಕ್ಕ ಪಿನ್ನುಗಳು ಒಂದು ಡಬ್ಬಿಯಲ್ಲಿವೆ. ಕೆಲಸ ಮುಗಿದ ಮೇಲೆ ಯಂತ್ರದ ಸುತ್ತ ಬಿದ್ದ ಹತ್ತಿ ಗುಡಿಸಿ, ಮೇನ್ ಸ್ವಿಚ್ ಆರಿಸುತ್ತಾನೆ. ಟೀಚರನ್ನು ಕೇಳಲು ಅವನು ಶಾಲೆಗೆ ಹೋಗಲಿಲ್ಲ. ಮಗಳು ಬಂದಾಗ ಯಂತ್ರ ನಿಲ್ಲಿಸಿ, "ಇವತ್ತು ಏನು ಹೇಳಿಕೊಟ್ಟರು?" ಎನ್ನುತ್ತಾನೆ. ಅವಳು ಹೇಳಿ ಮುಗಿಸಿದ ಮೇಲೆಯೇ ಯಂತ್ರ ಮತ್ತೆ ಗರಗರ ಎನ್ನುತ್ತದೆ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ಇಂದು ನಿಮ್ಮ ಮನೆಯ ಮಗುವಿಗೆ ಒಂದು ಹಾಳೆ ಕೊಡಿ. ಮನೆಯ ನಕ್ಷೆ ಬರೆಯಲಿ. ತಪ್ಪಿದ್ದರೆ ನಗಬೇಡಿ, ಏಕೆ ಹಾಗೆ ಬರೆದೆ ಎಂದು ಕೇಳಿ. ಪ್ರತಿಯೊಬ್ಬರೂ ಮಲಗುವ ಜಾಗದಿಂದ ಬೆರಳಿಟ್ಟು ಹೊರಗೆ ಹೋಗಿ ನೋಡಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಬೆರಳನ್ನು ಮೊದಲು ನಡೆಸಿ. ದಾರಿಯಲ್ಲಿ ಮೂಟೆ, ಕಪಾಟು, ತುಕ್ಕು ಹಿಡಿದ ಚಿಲಕ ಏನೇ ಸಿಗಲಿ, ಅದನ್ನು ನಾಳೆಗೆ ಬಿಡಬೇಡಿ. ಮನೆಗೆ ಇರುವುದೇ ಒಂದು ಬಾಗಿಲಾದರೆ, ಅದರ ಹತ್ತಿರ ಬೆಂಕಿಯಾಗಲಿ ಬೆಂಕಿ ಹಿಡಿಯುವ ವಸ್ತುವಾಗಲಿ ಇರದಂತೆ ನೋಡಿಕೊಳ್ಳಿ. ಇನ್ನೊಂದು ಬಾಗಿಲಿದ್ದರೆ ಎದ್ದು ಹೋಗಿ ತೆಗೆಯಿರಿ. ತೆರೆಯುತ್ತದೆಯೇ, ನೋಡಿ.