ಹೊಳ್ಳಿ ಬರುವ ಫೀಸು

ನನಗೆ ಸಿಟ್ಟು ಬೇಗ ಬರುತ್ತದೆ. ಇದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿರುವ ಕನ್ನಡದವರಿಗೆಲ್ಲ ಗೊತ್ತು. ನನ್ನ ಗಂಡ ಚಂದ್ರಶೇಖರ್ ಅವರಿಗಂತೂ ಮದುವೆಯ ಮಂಟಪದಲ್ಲೇ ಗೊತ್ತಾಗಿತ್ತು. ಆದರೆ ನಾನು ಸುಮ್ಮಸುಮ್ಮನೆ ಸಿಟ್ಟಾಗುವವಳಲ್ಲ. ಪರ್ಮನೆಂಟ್ ರೆಸಿಡೆಂಟ್ ಎಂದು ಹೆಸರು ಕೊಟ್ಟು, ಐದು ವರ್ಷಕ್ಕೊಮ್ಮೆ ಫೀಸು ಕೇಳಿದರೆ ಯಾರಿಗಾದರೂ ಸಿಟ್ಟು ಬರಬೇಕು. ಬಾರದಿದ್ದವರಲ್ಲೇ ಏನೋ ಐಬಿದೆ ಎಂದು ನನ್ನ ಅಭಿಪ್ರಾಯ.

ವಿಷಯ ಇಷ್ಟೇ. ಪಿಆರ್ ಸಿಕ್ಕವರು ಆಸ್ಟ್ರೇಲಿಯಾದಲ್ಲಿ ಎಷ್ಟು ಕಾಲ ಬೇಕಾದರೂ ಇರಬಹುದು. ಆದರೆ ದೇಶದಿಂದ ಹೊರಗೆ ಹೋಗಿ ವಾಪಸ್ ಬರುವ ಅನುಮತಿ ಮಾತ್ರ ಐದು ವರ್ಷದ್ದು. ಅದು ಮುಗಿದ ಮೇಲೆ ಊರಿಗೆ ಹೋಗಿ ಬರಬೇಕೆಂದರೆ ರಿಟರ್ನ್ ವೀಸಾಕ್ಕೆ ಅರ್ಜಿ ಹಾಕಿ ಫೀಸು ಕಟ್ಟಬೇಕು. ಆಮೇಲೆ ಮತ್ತೆ ಅರ್ಜಿ, ಮತ್ತೆ ಫೀಸು. ನಾನು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು. ಕ್ಲೇಟನ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಈ ದೇಶದವರ ರಕ್ತ ನೋಡಿ ನೋಡಿ ನನಗೆ ಕನ್ನಡಕ ಬಂದಿದೆ. ತೆರಿಗೆ ಕಟ್ಟುತ್ತೇನೆ, ಮಾರ್ಟ್‌ಗೇಜ್ ಕಟ್ಟುತ್ತೇನೆ, ಈ ವಾರ ಬೀದಿಗಿಡಬೇಕಾದದ್ದು ಹಳದಿ ಮುಚ್ಚಳದ ಕಸದ ಬಿನ್ನೋ ಹಸಿರು ಮುಚ್ಚಳದ್ದೋ ಎಂದು ಬೀದಿಯವರೆಲ್ಲ ನನ್ನನ್ನೇ ಕೇಳುತ್ತಾರೆ. ಇಷ್ಟಾದರೂ ನನ್ನ ಮನೆಗೆ ಹೊಳ್ಳಿ ಬರಲು ನಾನು ದುಡ್ಡು ಕೊಡಬೇಕಂತೆ.

"ಸಿಟಿಜನ್ ಆಗ್ಬಿಡು ಮಾರಾಯ್ತಿ, ಒಂದೇ ಸಲಕ್ಕೆ ಮುಗ್ದೋಗತ್ತೆ" ಎಂದು ಚಂದ್ರಶೇಖರ್ ಸಾವಿರ ಸಲ ಹೇಳಿದ್ದಾರೆ. ಅವರು ಮೈಸೂರಿನವರು, ಯಾವುದಕ್ಕೂ ಜಗಳ ಬೇಡ ಎನ್ನುವ ಪೈಕಿ. ಯಾವಾಗಲೋ ಪ್ರಮಾಣವಚನ ತೆಗೆದುಕೊಂಡು, ಕೌನ್ಸಿಲ್‌ನವರು ಉಡುಗೊರೆ ಕೊಟ್ಟ ಗಿಡವನ್ನು ಹಿತ್ತಲಲ್ಲಿ ನೆಟ್ಟು ಆಸ್ಟ್ರೇಲಿಯನ್ ಆಗಿ ಕೂತಿದ್ದಾರೆ. ನನಗೆ ಅದು ಆಗದು. ಇಲ್ಲಿಯ ಸಿಟಿಜನ್ ಆಗಬೇಕೆಂದರೆ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ಸೀರೆ ಅಂಗಡಿಯಲ್ಲೇ ನಾನು ಎರಡರಲ್ಲಿ ಒಂದನ್ನು ಬಿಟ್ಟು ಬಂದವಳಲ್ಲ.

ಎರಡು ವರ್ಷದ ಹಿಂದೆ ನನ್ನ ಅನುಮತಿ ಮುಗಿದಾಗ ಆಣೆ ಮಾಡಿದೆ, ಇನ್ನು ಒಂದು ಡಾಲರ್ ಕೂಡ ಕೊಡುವುದಿಲ್ಲ ಎಂದು. ಹೆಚ್ಚೆಂದರೆ ಊರಿಗೆ ಹೋಗುವುದು ತಪ್ಪುತ್ತದೆ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದಾರೆ. ಇರುವ ಒಬ್ಬ ತಮ್ಮ ಗುರುಬಸವ ಸಿಡ್ನಿಯ ರೌಸ್ ಹಿಲ್‌ನಲ್ಲೇ ಇದ್ದಾನೆ. ನನ್ನ ಆಣೆಯಿಂದ ಯಾರ ಗಂಟೂ ಹೋಗುವುದಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ಗುರುಬಸವನ ಹೆಂಡತಿ ಹೇಮಲತಾ ಹೆತ್ತಳು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹೆಣ್ಣುಕೂಸು! ತಮ್ಮ ಫೋನಿನಲ್ಲಿ ಅದನ್ನೇ ಎರಡೆರಡು ಸಲ ಹೇಳಿದ. ನಾನು ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡೇ ಕುಣಿದೆ. ನನ್ನ ಜೊತೆ ಕೆಲಸ ಮಾಡುವ ಗ್ರೀಕ್ ಹೆಂಗಸು ಏನು, ಎತ್ತ ಎಂದು ಕೇಳದೆ ತಾನೂ ಕುಣಿದಳು.

ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ಗುರುಬಸವನ ಫೋನು ಬಂತು. "ಅಕ್ಕಾ, ಹೆಸರಿಡೂದು ಧಾರವಾಡದಾಗ ಇಟ್ಕೊಂಡೀವಿ. ನಮ್ಮ ಅತ್ತಿ ನೀಲಕ್ಕಗ ಮೊಣಕಾಲಿನ ಆಪರೇಷನ್ ಆಗೇತಿ, ಅವರಿಗೆ ಇಷ್ಟು ದೂರ ಬರಾಕ ಆಗೂದಿಲ್ಲ. ಟಿಕೆಟ್ ಬುಕ್ ಮಾಡೀನಿ. ನೀ ಬರಬೇಕ."

ನಾನು ಹೋಗದೆ ನಡೆಯುವಂತಿರಲಿಲ್ಲ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕತಂಗಿ. ಗುರುಬಸವನಿಗೆ ಇರುವುದು ನಾನೊಬ್ಬಳೇ. ಹನ್ನೆರಡು ವರ್ಷದಿಂದ ಆ ಒಂದು ಹೆಸರು ಹೇಳಲು ನನ್ನ ಬಾಯಿ ಕಾದಿತ್ತು.

"ಆ ಫೀಸು ನಾ ಕಟ್ಟೂದಿಲ್ಲೋ ತಮ್ಮಾ."

"ನಾ ಕಟ್ತೀನಿ ತಗೋ."

"ರೊಕ್ಕದ ಮಾತಲ್ಲ, ನ್ಯಾಯದ ಮಾತು."

"ಕೂಸಿಗೆ ಹೆಸರಿಡೂದ್ರಾಗ ಎಲ್ಲಿ ನ್ಯಾಯ ತಂದ್ಯವಾ?" ಎಂದು ಅವನು, ನನ್ನ ತಮ್ಮನೇ, ಫೋನು ಇಟ್ಟುಬಿಟ್ಟ.

ನನ್ನ ಸಿಟ್ಟಿಗೆ ತುಪ್ಪ ಸುರಿದದ್ದು ಆ ಕೂಸೇ. ಪಿಆರ್ ಇರುವವರಿಗೆ ಇಲ್ಲಿ ಹುಟ್ಟಿದ ಮಕ್ಕಳು ಹುಟ್ಟುತ್ತಲೇ ಸಿಟಿಜನ್. ಕತ್ತು ನಿಲ್ಲದ ಕೂಸು ಈ ದೇಶದಿಂದ ಯಾವಾಗ ಬೇಕಾದರೂ ಹೋಗಬಹುದು, ಬರಬಹುದು. ಆದರೆ ಅದಕ್ಕೆ ಧಾರವಾಡಕ್ಕೆ ಹೋಗಲು ವೀಸಾ ಬೇಕು. ಅದರ ಅತ್ತೆಗೆ ಧಾರವಾಡದಿಂದ ಬರಲು ವೀಸಾ ಬೇಕು. "ನೀವಿಬ್ರೂ ಸೇರಿ ಒಬ್ರೇ ಆಗಿದ್ರೆ ಎರಡು ಫೀಸೂ ಉಳೀತಿತ್ತು ಕಣೇ" ಎಂದು ಚಂದ್ರಶೇಖರ್ ನಕ್ಕರು. ಅವತ್ತಿನಿಂದ ಒಂದು ವಾರ ಅವರಿಗೆ ಬರೀ ಉಪ್ಪಿಟ್ಟು.

ಕೊನೆಗೆ ಸೋತವನು ಗುರುಬಸವನೇ. "ನೀನಿಲ್ಲದ ಹೆಸರಿಡೂದು ನನಗ ಬ್ಯಾಡ. ಇಲ್ಲೇ ನಮ್ಮ ಮನ್ಯಾಗ ಮಾಡೂಣು. ಆಮ್ಯಾಲೆ ಹೇಮಾ ಕೂಸಿನ ಕರ್ಕೊಂಡು ಊರಿಗೆ ಹೋಗ್ಲಿ" ಎಂದ. ನಾನು ಗೆದ್ದೆ! ಮೆಲ್ಬರ್ನಿನಿಂದ ಸಿಡ್ನಿಗೆ ಹೋಗಲು ಯಾರಪ್ಪನ ಅನುಮತಿಯೂ ಬೇಕಿಲ್ಲ ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಹೇಳುತ್ತ ಹೋದೆ. ಪಕ್ಕದಲ್ಲಿ ಚಂದ್ರಶೇಖರ್ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ರೌಸ್ ಹಿಲ್‌ನ ಮನೆಯ ಹಿಂದಿನ ಚಪ್ಪರಕ್ಕೆ ಸೀರೆ ಸುತ್ತಿದ ತೊಟ್ಟಿಲು ತೂಗುಬಿಟ್ಟಿದ್ದರು. ಮಧ್ಯಾಹ್ನ ಇಳಿಯುವ ಹೊತ್ತು, ಸಿಡ್ನಿಯ ಬೇಸಿಗೆಯ ಬಿಸಿಲು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಂದ ಹಿತ್ತಲು ತುಂಬಿತ್ತು. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡಕಲ್ಲನ್ನು ಮಲಗಿಸುವುದು ನಮ್ಮ ಪದ್ಧತಿ. ಒಳಕಲ್ಲಿನಲ್ಲಿ ರುಬ್ಬುವ ಕಲ್ಲಿಗೆ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ಕೂಸಿನ ಹಾಗೆಯೇ ತೂಗಿ, ಆಮೇಲೆ ಅದನ್ನು ತೆಗೆದು ಆ ಜಾಗದಲ್ಲಿ ಕೂಸನ್ನು ಮಲಗಿಸಬೇಕು. ರೌಸ್ ಹಿಲ್‌ನಲ್ಲಿ ಒಳಕಲ್ಲು ಎಲ್ಲಿಂದ ಬರಬೇಕು? ಪಾತ್ರೆ ಅಂಗಡಿಯಲ್ಲಿ ಸಿಕ್ಕ, ಬೆಳ್ಳುಳ್ಳಿ ಕುಟ್ಟುವ ಚಿಕ್ಕ ಕಲ್ಲನ್ನು ಗುರುಬಸವ ತಂದಿಟ್ಟಿದ್ದ. ಅದನ್ನು ನೋಡಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಲ್ಲು ತೆಗೆದು ಕೂಸನ್ನು ಮಲಗಿಸಿದರು. ಹೇಮಲತಾ ಟ್ಯಾಬ್ಲೆಟ್ ಹಿಡಿದು ತನ್ನ ಅವ್ವನಿಗೆ ವಿಡಿಯೋದಲ್ಲಿ ತೋರಿಸುತ್ತಿದ್ದಳು. ಧಾರವಾಡದಲ್ಲಿ ಆಗಿನ್ನೂ ಬೆಳಗಿನ ಹೊತ್ತು. ನಾನು ಬಗ್ಗಿ, "ನೀಲಕ್ಕಾ, ಕಾಣಸ್ತೈತೇನ್ರಿ?" ಎಂದೆ.

"ಎಲ್ಲಾ ಕಾಣಸ್ತೈತವಾ" ಎಂದರು ನೀಲಕ್ಕ. "ನಾನೂ ಇಲ್ಲಿ ತೊಟ್ಟಿಲ ಕಟ್ಟೀನಿ ನೋಡು. ನೀವು ಅಲ್ಲಿ ತೂಗ್ರಿ, ನಾ ಇಲ್ಲಿ ತೂಗ್ತೀನಿ."

ಯಾರೋ ಅಲ್ಲಿಯ ಫೋನನ್ನು ಆ ಕಡೆ ತಿರುಗಿಸಿದರು. ಹೇಮಲತಾಳನ್ನೇ ತೂಗಿದ ಹಳೆಯ ಮರದ ತೊಟ್ಟಿಲು. ಸುತ್ತ ಓಣಿಯ ಹೆಂಗಸರು, ಹೊಸ ಸೀರೆ, ತಲೆ ತುಂಬ ಹೂವು. ತೊಟ್ಟಿಲಲ್ಲಿ ಗುಂಡಕಲ್ಲು ಮಲಗಿತ್ತು, ನಿಜವಾದ ದೊಡ್ಡ ಗುಂಡಕಲ್ಲು. ಕೂಸಿಗೆಂದು ನೀಲಕ್ಕ ತಾವೇ ಹೆಣೆದ ಕುಲಾವಿಯನ್ನು ಅದರ ತಲೆಗೆ ತೊಡಿಸಿದ್ದರು. ನಮ್ಮ ತೊಟ್ಟಿಲಿಂದ ಕಲ್ಲು ತೆಗೆದದ್ದಾಗಿತ್ತು. ಅವರ ತೊಟ್ಟಿಲಿಂದ ತೆಗೆದರೆ ಆ ಜಾಗಕ್ಕೆ ಯಾರೂ ಇರಲಿಲ್ಲ. ನೀಲಕ್ಕ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಲ್ಲಿ ಆ ಕಲ್ಲನ್ನೇ ತೂಗುತ್ತ ನಗುತ್ತಿದ್ದರು. ನಾನು ಹೇಮಲತಾಳ ಕಡೆ ನೋಡಿದೆ. ಅವಳು ಮುಖ ತಿರುಗಿಸಿಕೊಂಡಳು.

ನ್ಯಾಯ ನನ್ನ ಕಡೆಗೇ ಇತ್ತು, ಈಗಲೂ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಗಳ ನನ್ನದು, ದಂಡ ಕಟ್ಟುತ್ತಿದ್ದವರು ನೀಲಕ್ಕ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅತ್ತೆಯಾದವಳು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಿದ್ದಂತೆ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಆಗಲೇ ಏಳೆಂಟು ಮುಷ್ಟಿಗಳು ಮೇಲೆದ್ದಿದ್ದವು. ನಾನು ಬಗ್ಗಿದೆ. ಹಾಲಿನ ವಾಸನೆಯ ಪುಟ್ಟ ಕಿವಿ. "ಕುರ್ರ್" ಎಂದೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಎದ್ದು ನಿಂತೆ.

"ಹೆಸರು ಇವತ್ತು ಹೇಳೂದಿಲ್ಲ."

"ಯಾಕ ಅಕ್ಕಾ? ಹೆಸರಿಡೂ ಅತ್ತಿಗಂತ ತಂದ ಸೀರಿ ಮನಸ್ಸಿಗೆ ಬರಲಿಲ್ಲೇನು?" ಗುರುಬಸವನ ಮುಖ ಸಣ್ಣದಾಯಿತು.

"ಸೀರಿ ಛಲೋ ಐತಿ. ಹೆಸರು ಧಾರವಾಡದಾಗ ಹೇಳ್ತೀನಿ, ನೀಲಕ್ಕನ ತೊಟ್ಟಿಲದಾಗ. ರೀ, ಕಾರ್ಡ್ ತಗೀರಿ, ಆ ಹಾಳು ಫೀಸು ಕಟ್ಟೂಣು."

ನಾನು ಮಾತು ಮುಗಿಸುವ ಮೊದಲೇ ಚಂದ್ರಶೇಖರ್ ಜೇಬಿನಿಂದ ಕಾರ್ಡು ತೆಗೆದಿದ್ದರು. ಗುದ್ದಲು ಎತ್ತಿದ ಕೈಗಳನ್ನು ಸುಮ್ಮನೆ ಇಳಿಸಲು ಆ ಹೆಂಗಸರು ತಯಾರಿರಲಿಲ್ಲ. ಧಬಧಬ ಎಂದು ಬೆನ್ನು ತುಂಬಿಸಿಬಿಟ್ಟರು. ಆಮೇಲೆ ಅರ್ಜಿ ತುಂಬುವುದಕ್ಕೆ ಇಡೀ ಹಿತ್ತಲೇ ನನ್ನ ಸುತ್ತ ನೆರೆಯಿತು. ಒಬ್ಬರು ಚಂದ್ರಶೇಖರ್ ಅವರ ಫೋನಿನಲ್ಲಿದ್ದ ಫೋಟೋ ನೋಡಿ ನನ್ನ ಪಾಸ್‌ಪೋರ್ಟಿನ ನಂಬರ್ ಓದಿದರು, ಒಬ್ಬರು ಫೋನಿಗೆ ಬಿಸಿಲು ಬೀಳದ ಹಾಗೆ ಸೆರಗು ಹಿಡಿದರು. ನಡುವೆ ವಾದ ಹತ್ತಿಕೊಂಡಿತು. "ಸರ್ವಿಸ್ ಕೊಡ್ತಾರಲ್ವಾ, ಖರ್ಚಿರತ್ತೆ, ತಗೊಳ್ಲಿ ಬಿಡಿ" ಎಂದರು ಬೆಂಗಳೂರಿನವರೊಬ್ಬರು. "ಅದಕ್ಕ ಟ್ಯಾಕ್ಸ್ ಕಟ್ತೀವಲ್ಲ, ಮತ್ತ್ಯಾಕ ಕೊಡಬೇಕು?" ಎಂದು ಬೆಳಗಾವಿಯವರು ಎಗರಿದರು. ನನ್ನ ಎರಡು ವರ್ಷದ ಜಗಳವನ್ನು ಅವರು ಲಾಡು ತಿನ್ನುತ್ತ ಆಡಿದರು. ನನಗೆ ಬಾಯಿ ಹಾಕಲು ಪುರಸೊತ್ತೇ ಸಿಗಲಿಲ್ಲ. ಕೆಲವರನ್ನು ತಿಂಗಳುಗಟ್ಟಲೆ ಕಾಯಿಸುತ್ತಾರಂತೆ. ನನಗೆ ಎಲೆಗೆ ಹೋಳಿಗೆ ಬೀಳುವಷ್ಟರಲ್ಲಿ ಮಂಜೂರಾಯಿತೆಂಬ ಇಮೇಲ್ ಬಂತು. ಹೇಮಲತಾ ಅಳುತ್ತ, ನಗುತ್ತ ನನ್ನನ್ನು ತಬ್ಬಿಕೊಂಡು ತುಪ್ಪದ ಕೈಯನ್ನು ನನ್ನ ಹೊಸ ಸೀರೆಗೆ ಒರೆಸಿಬಿಟ್ಟಳು.

ನೀಲಕ್ಕ ಇನ್ನೂ ವಿಡಿಯೋದಲ್ಲಿದ್ದರು. ಗದ್ದಲ ಏನೆಂದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. "ಇಲ್ಲಿಗೆ ಬರಾಕ ರೊಕ್ಕ ಕೊಟ್ಟೇನವಾ?" ಎಂದು ಕೇಳಿದರು.

"ಬರಾಕ ಅಲ್ರಿ, ಹೊಳ್ಳಿ ಹೋಗಾಕ."

"ಹೊಳ್ಳಿ ಹೋಗಾಕ? ಹಂಗಾರ ಯಾಕ ಕೊಟ್ಟಿ? ಇಲ್ಲೇ ಇದ್ದುಬಿಡ್ತಿದ್ದಿ. ನನಗೂ ಜೋಡಿ ಆಕ್ಕಿತ್ತು."

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕು ಉತ್ತರ ಕೊಟ್ಟೆ. "ಅದ್ಹೆಂಗ್ರಿ ನೀಲಕ್ಕ? ನನ್ನ ಮನಿ ಇಲ್ಲೇ ಐತಲ್ಲ."

ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ನಾನು ಇಷ್ಟು ಸಲೀಸಾಗಿ ಯಾರಿಗೂ ಹೇಳಿರಲಿಲ್ಲ. ಚಂದ್ರಶೇಖರ್ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ನನ್ನ ಮನಿಗೆ ನಾ ಹೋಗಾಕ ಯಾಕ ರೊಕ್ಕ ಕೊಡಬೇಕ್ರಿ? ಅದ ನನ್ನ ಸಿಟ್ಟು" ಎಂದೆ.

"ಖರೆ ಐತಿ, ಸಿಟ್ಟು ಬರೂ ಮಾತ ಐತಿ" ಎಂದರು ನೀಲಕ್ಕ. "ಸಿಟ್ಟು ತಗೊಂಡೇ ಬಾ. ಇಲ್ಲಿ ಕೂತು ಇಬ್ಬರೂ ಕೂಡಿ ಸಿಟ್ಟಾಗೂಣು."

ಆಮೇಲೆ ಅವರು ಪಕ್ಕದವರ ಕೈಗೆ ಕೋಲು ಕೊಟ್ಟು, ಎರಡೂ ಕೈಯಿಂದ ಗುಂಡಕಲ್ಲನ್ನು ತೊಟ್ಟಿಲಿಂದ ಎತ್ತಿ ಕೆಳಗಿಟ್ಟರು. ಕುಲಾವಿ ಬಿಚ್ಚಿ ಝಾಡಿಸಿ, ತೊಟ್ಟಿಲಿನ ಹಾಸಿಗೆಯ ಸುಕ್ಕು ಬಿಡಿಸಿ, ಕುಲಾವಿಯನ್ನು ಕೂಸಿನ ತಲೆ ಬರುವ ಕಡೆ ಇಟ್ಟರು.