ಈ ಬಿಲ್ಲೆಗೆ ಒಂದು ಹಲ್ಲು

ಓಹಾಯೊದ ನಮ್ಮೂರಿಗೆ ನನ್ನ ಮುತ್ತಜ್ಜನೇ ಮೊದಲ ಹಲ್ಲಿನ ಡಾಕ್ಟರು. 1863ರಲ್ಲಿ ಜಾಹೀರಾತಿಗೆಂದು ತಾಮ್ರದ ಬಿಲ್ಲೆ ಹೊಡೆಸಿ ಹಂಚಿದ. ಒಂದು ಮುಖದಲ್ಲಿ ಅವನ ಹೆಸರು, ಇನ್ನೊಂದರಲ್ಲಿ ‘ಈ ಬಿಲ್ಲೆಗೆ ಒಂದು ಹಲ್ಲು’. ತಂದುಕೊಟ್ಟವರ ಹಲ್ಲು ಪುಕ್ಕಟೆ ಕೀಳುತ್ತಿದ್ದನಂತೆ. ನಾನೂ ಹಲ್ಲಿನ ಡಾಕ್ಟರೇ. ಊರಿನ ಹಳೇ ಅಂಗಡಿಯವರೂ ಆಗ ಹೀಗೇ ಹೊಡೆಸಿದ್ದ ಬಿಲ್ಲೆಗಳನ್ನೆಲ್ಲ ಕೂಡಿಟ್ಟಿದ್ದೇನೆ. ಟೋಪಿಯವನದು, ಸಾರಾಯಿಯವನದು, ಶವಪೆಟ್ಟಿಗೆಯವನದು ಕೂಡ. ಇಲ್ಲದ್ದು ಮುತ್ತಜ್ಜನದೊಂದೇ. ಊರಲ್ಲಿ ಉಳಿದಿದ್ದೂ ಒಂದೇ, ಅದು ನನ್ನ ಹಾಗೇ ಬಿಲ್ಲೆ ಕೂಡಿಡುವ ಡೆಲ್ಬರ್ಟ್ ಓಟ್ಸನ ಹತ್ತಿರ.

ಹದಿನೆಂಟು ವರ್ಷ ಕೇಳಿದೆ. ನನ್ನ ಟ್ರಕ್ಕನ್ನೇ ಕೊಡುತ್ತೇನೆಂದೆ. ಅವನು ಜಪ್ಪಯ್ಯ ಅನ್ನಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮ ಬಿಲ್ಲೆ ಸಂಘ ಸೇರಿದಾಗಲೆಲ್ಲ ಅದನ್ನು ಡೋನಟ್ ತಟ್ಟೆಯ ಪಕ್ಕ ಇಟ್ಟು, ನನ್ನತ್ತ ನೋಡಿ ಹಲ್ಲು ಕಿರಿಯುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ಜನವರಿಯಲ್ಲಿ ಹಿಮ ಬಿದ್ದು ಹೆದ್ದಾರಿ ಮುಚ್ಚಿದ ದಿನ ಡೆಲ್ಬರ್ಟ್ ನನ್ನ ಬಾಗಿಲಿಗೆ ಬಂದ. ಕೆನ್ನೆ ಬನ್ನಿನ ಹಾಗೆ ಊದಿತ್ತು. ಕೋರೆಹಲ್ಲು ಕೊಳೆತಿತ್ತು. ಬೇರೆ ಡಾಕ್ಟರು ನಲವತ್ತು ಮೈಲಿ ದೂರ. ಡಾಕ್ಟರಾದವನು ಹೀಗೆ ಮಾಡಬಾರದು, ಗೊತ್ತು. ಮಾಡಿದೆ.

“ದುಡ್ಡು ಬೇಡ ಕಣೋ. ನನ್ ಮುತ್ತಜ್ಜನ ಮಾತು ಅಂದ್ರೆ ಮಾತು. ಬಿಲ್ಲೆ ಕೊಡು, ಕೀಳ್ತೀನಿ.”

ಅವನು ಜೇಬಿಗೆ ಕೈ ಹಾಕಿದ, ಹೊರಗೆ ತೆಗೆದ, ಮತ್ತೆ ಹಾಕಿದ. ಕೊನೆಗೆ ನೋವೇ ಗೆದ್ದಿತು. ಬಿಲ್ಲೆ ನನ್ನ ಅಂಗೈಗೆ ಬಂತು. ಖುಷಿಗೆ ಶಿಳ್ಳೆ ಹಾಕುತ್ತಲೇ ಹಲ್ಲು ಕಿತ್ತೆ.

ಡೆಲ್ಬರ್ಟ್ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ‘ನನ್ನ ಹಲ್ಲೆಲ್ಲಿ?’ ಎಂದು ಕೇಳಿದ. ಕಿತ್ತದ್ದನ್ನು ತೋರಿಸಿದೆ.

“ಅದು ಮೊದ್ಲಿಂದ್ಲೂ ನಂದೇ. ಬಿಲ್ಲೆ ಓದು. ಕೀಳ್ತೀನಿ ಅಂತ ಎಲ್ಲಿದೆ? ಒಂದು ಹಲ್ಲು ಅಂತಿದೆ. ಕೊಡು ಮತ್ತೆ.”

ಓದಿದೆ. ಭೂತಗನ್ನಡಿ ಹಿಡಿದೂ ಓದಿದೆ. ಕೀಳುವ ಸುದ್ದಿಯೇ ಇರಲಿಲ್ಲ. ನೂರೈವತ್ತಕ್ಕೂ ಹೆಚ್ಚು ವರ್ಷದಿಂದ ನಮ್ಮ ಮನೆಯವರು ಒಬ್ಬರಾದರೂ ಗಮನಿಸಬಾರದಿತ್ತೇ? ಹಲ್ಲು ಕೊಡದಿದ್ದರೆ ಬಿಲ್ಲೆ ವಾಪಸ್ ಕೊಡಬೇಕು ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾಯ ಮಾಗಿದ ಮೇಲೆ ಹಲ್ಲು ಕಟ್ಟಿಕೊಟ್ಟೆ. ಯಾವ ಥರದ್ದು ಅಂತಲೂ ಬಿಲ್ಲೆಯಲ್ಲಿ ಇಲ್ಲವಲ್ಲ ಎಂದು ಅವನು ಚಿನ್ನದ್ದನ್ನೇ ಆರಿಸಿದ.

ಈಗ ಬಿಲ್ಲೆ ನನ್ನದು. ಆಸೆಯಿಂದ ಸಂಘಕ್ಕೆ ಒಯ್ದೆ. ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ಡೆಲ್ಬರ್ಟನ ಬಾಯಿ ಮುಂದೆ ಸಾಲು ನಿಂತಿದ್ದರು. ಅವನು ಡೋನಟ್ ಕಚ್ಚಿ, ನನ್ನತ್ತ ನೋಡಿ, ನಾನೇ ಕಟ್ಟಿದ ಹಲ್ಲನ್ನು ಕಿರಿದ.