ಸೆನ್ವಾರಾ ಒಮ್ಮೆ ಹೇಳಿದ್ದು

ಹನ್ನೊಂದು ಜನರ ಒಪ್ಪಿಗೆ ಪತ್ರಗಳನ್ನು ಬ್ಯಾಗಿಗೆ ತುರುಕಿಕೊಂಡು ಶಶಿಪ್ರಭಾ ಮೂಡುಬಿದಿರೆಯಿಂದ ಸ್ಕೂಟರ್ ಹೊರಡಿಸಿದಾಗ ಮಧ್ಯಾಹ್ನ ಎರಡು ಗಂಟೆ. ಊಟ ಆಗಿರಲಿಲ್ಲ. ಜೀವ ಬಾಯಿಗೆ ಬಂದವರಿಗೆ ಊಟದ ನೆನಪು ಎಲ್ಲಿಂದ ಬರಬೇಕು?

ಅವಳು ಪಿಎಚ್‌ಡಿ ಮಾಡುತ್ತಿದ್ದದ್ದು ದೇಶ ಬಿಟ್ಟು ಓಡಿಬಂದವರ ಬದುಕಿನ ಮೇಲೆ. ಕಲ್ಲಡ್ಕದ ಹತ್ತಿರ ಬಾವಾ ಎಂಬವರ ಗುಜರಿ ಶೆಡ್ಡಿನಲ್ಲಿ ಪ್ಲಾಸ್ಟಿಕ್ಕು, ತಗಡು ವಿಂಗಡಿಸುವ ಹನ್ನೊಂದು ಮಂದಿ ಇದ್ದರು. ಬರ್ಮಾದಲ್ಲಿ ಮನೆಗೆ ಬೆಂಕಿ ಬಿದ್ದಾಗ ಉಟ್ಟ ಬಟ್ಟೆಯಲ್ಲಿ ಹೊರಟ ರೋಹಿಂಗ್ಯಾ ಜನ. ಎರಡು ವರ್ಷ ಶಶಿಪ್ರಭಾ ಅವರ ಜೊತೆ ಕೂತು, ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಕಾಲೇಜಿನಲ್ಲಿ ಇಂಥ ಕೆಲಸಕ್ಕೆ ಒಂದು ನೀತಿ ಸಮಿತಿ ಉಂಟು. ಬಡಪಾಯಿಗಳಿಗೆ ಸಂಶೋಧನೆಯಿಂದ ಕೇಡಾಗಬಾರದಲ್ಲ, ಅದಕ್ಕೆ ಪ್ರತಿಯೊಬ್ಬರ ಹೆಸರು, ವಯಸ್ಸು, ಹೆಬ್ಬೆಟ್ಟು ತಂದು ಕಪಾಟಿನಲ್ಲಿಡಿ ಎಂದಿತ್ತು ಆ ಸಮಿತಿ. ಅಡಗಿ ಬದುಕುವವರನ್ನು ಕಾಪಾಡಲಿಕ್ಕೆ ಅವರ ಪಟ್ಟಿ ಮಾಡಿಡುವುದು! ಎಂಥ ಬುದ್ಧಿವಂತಿಕೆ ನೋಡಿ.

ಈಗ ಆ ಕಪಾಟಿನ ಮೇಲೆ ಕಣ್ಣು ಬಿದ್ದಿತ್ತು. ದಾಖಲೆ ಇಲ್ಲದ ವಿದೇಶಿಯರ ಬಗ್ಗೆ ಏನಿದ್ದರೂ ಒಪ್ಪಿಸಬೇಕೆಂದು ಬೆಳಿಗ್ಗೆ ಮೇಲಿನಿಂದ ಪತ್ರ ಬಂದಿತ್ತಂತೆ. ಒಪ್ಪಿಗೆ ಪತ್ರ, ರೆಕಾರ್ಡಿಂಗ್ ಎರಡನ್ನೂ ನಾಲ್ಕು ಗಂಟೆಯೊಳಗೆ ಕೊಡತಕ್ಕದ್ದು ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು. ಅವಳನ್ನು ಮೊದಲು ಎಚ್ಚರಿಸಿದವನು ಆಫೀಸಿನ ಗುಮಾಸ್ತ ಜಯಪ್ರಕಾಶ್.

"ಒಂದು ಸಹಿ ಬಿಟ್ಟುಹೋಗಿದೆ ಅಂತ ರಿಜಿಸ್ಟರಿನಲ್ಲಿ ಬರ್ದು ಫೈಲ್ ತಗೊಂಡು ಹೋಗಿ ಮೇಡಂ," ಎಂದ ಅವನು, ತಲೆ ಎತ್ತದೆ. "ವಾಪಸ್ ತರುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಗೊತ್ತಿಲ್ಲ."

ಹಾಗೆ ಹೊರಟದ್ದು. ಬಾವಾರ ಶೆಡ್ಡಿಗೆ ಹೋಗಿ ಅವರನ್ನೇ ಕೇಳಬೇಕು, ಅವರು ಹೇಳಿದ ಹಾಗೆ ಮಾಡಬೇಕು ಎಂದೇ ಅವಳ ಮನಸ್ಸಿನಲ್ಲಿದ್ದದ್ದು. ಅದರಲ್ಲೂ ಸೆನ್ವಾರಾಳನ್ನು ಕೇಳಬೇಕು.

ಸೆನ್ವಾರಾ ಎಂಟು ತಿಂಗಳು ಬಾಯಿಯೇ ಬಿಟ್ಟಿರಲಿಲ್ಲ. ಶಶಿಪ್ರಭಾ ಹೋದರೆ ಬಾಟಲಿಯ ಮುಚ್ಚಳ ತೆಗೆದು ಗೋಣಿಗೆ ಹಾಕುತ್ತಾ ಕೂರುತ್ತಿದ್ದಳು, ಅಷ್ಟೇ. ಒಂದು ದಿನ ಬಾವಾರ ಹೆಂಡತಿ ನಫೀಸಮ್ಮ ಅವಳ ಬೆನ್ನಿಗೆ ಕೈಯಿಟ್ಟು, "ಹೇಳು ಮಗಾ, ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ತೀ?" ಎಂದಾಗ ಕಟ್ಟೆ ಒಡೆಯಿತು. ಹಿಂದಿ, ಬಾವಾರ ಮನೆಮಾತು ಬ್ಯಾರಿ, ಅವಳದ್ದೇ ಊರಿನ ಮಾತು ಎಲ್ಲ ಬೆರೆಸಿ ಮೂರು ಗಂಟೆ ಹೇಳಿದಳು. ಯಾವ ಹಳ್ಳಿ, ಯಾವ ಬೆಳಿಗ್ಗೆ, ಯಾರು ಬಂದದ್ದು, ಹೊಳೆ ದಾಟುವಾಗ ಇಬ್ಬರು ಗಂಡುಮಕ್ಕಳು ಹೇಗೆ ಕೈತಪ್ಪಿದ್ದು. ಹೇಳಿ ಮುಗಿಸಿ ಎರಡು ದಿನ ಜ್ವರ ಬಂದು ಮಲಗಿದಳು.

"ಇದನ್ನು ಇನ್ನೊಮ್ಮೆ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮೇಡಂ," ಎಂದಿದ್ದಳು ಆಮೇಲೆ. "ನಿಮ್ಮ ಹತ್ತಿರ ಇರ್ಲಿ. ಬೇಕಾದಾಗ ನಾನೇ ಕೇಳ್ತೇನೆ. ನನ್ನನ್ನು ಕೇಳದೆ ಏನೂ ಮಾಡ್ಬೇಡಿ."

"ಇಲ್ಲಪ್ಪ, ನಿಮ್ಮನ್ನು ಕೇಳದೆ ಒಂದು ಹೆಜ್ಜೆ ಇಡುವುದಿಲ್ಲ," ಎಂದು ಶಶಿಪ್ರಭಾ ಮಾತು ಕೊಟ್ಟಿದ್ದಳು. ಅದು ಬೇರೆಯವರ ಕೈಗೆ ಸಿಗಬಾರದೆಂದು ನಕಲು ಕೂಡ ಮಾಡಿಟ್ಟಿರಲಿಲ್ಲ. ಇದ್ದದ್ದು ಫೋನಿನಲ್ಲಿ ಒಂದೇ ಒಂದು.

ಸಿದ್ದಕಟ್ಟೆ ಮುಟ್ಟುವಾಗ ಫೋನು ಹೊಡೆದುಕೊಳ್ಳತೊಡಗಿತು. ಪ್ರಾಂಶುಪಾಲರು. ಎತ್ತಲಿಲ್ಲ. ಮತ್ತೆ ಬಂತು. ಆಮೇಲೆ ಜಯಪ್ರಕಾಶನ ಮೆಸೇಜು: "ನೀವು ಫೈಲ್ ತಗೊಂಡು ಹೋದದ್ದು ಪ್ರಾಂಶುಪಾಲರಿಗೆ ಗೊತ್ತಾಯ್ತು. ದಾರಿಯಲ್ಲಿ ಹುಷಾರು."

ದಾರಿಯಲ್ಲಿ ಎಂದರೆ ಏನು? ಬಂಟ್ವಾಳದಲ್ಲಿ ಸ್ಕೂಟರ್ ನಿಲ್ಲಿಸಿ ಬ್ಯಾಗು, ಫೋನು ಕಿತ್ತುಕೊಂಡರೆ? ಹನ್ನೊಂದು ಜನರನ್ನು ತಾನೇ ಕೈಯಾರೆ ಹಿಡಿದುಕೊಟ್ಟ ಹಾಗಲ್ಲವೇ! ಅವಳು ಬಾವಾರಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ಕಟ್ಟಾಯಿತು. ನಫೀಸಮ್ಮನಿಗೆ ಮಾಡಿದಳು. ಅಲ್ಲಿಯೂ ಅದೇ. ಹಾಳಾದವರು, ಬೇಡದ ಹೊತ್ತಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ, ಬೇಕಾದಾಗ ಒಬ್ಬರೂ ಎತ್ತುವುದಿಲ್ಲ ಎಂದು ಬೈದುಕೊಂಡಳು.

ರಸ್ತೆ ಬದಿಯ ಗೂಡಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೇಳಿದಳು. ಅಂಗಡಿಯ ಮುದುಕ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಎಲ್ಲಿ ಆಯ್ತು ನಿಮಗೆ, ಊರು?"

"ಮಡಂತ್ಯಾರು."

"ಮಡಂತ್ಯಾರಿನಲ್ಲಿ ಯಾರ ಮನೆ?"

"ಬೆಂಕಿಪೆಟ್ಟಿಗೆ ಕೊಡಿ ಮಾರಾಯ್ರೆ!" ಎಂದು ಕಿರುಚಿಬಿಟ್ಟಳು. ಮುದುಕ ಹೆದರಿ ಎರಡು ಕೊಟ್ಟ.

ಹತ್ತಿರದ ಹಳೆಯ ಕೆಂಪುಕಲ್ಲಿನ ಕೋರೆಗೆ ಇಳಿದು ಒಪ್ಪಿಗೆ ಪತ್ರಗಳಿಗೆ ಕಡ್ಡಿ ಗೀರಿದಳು. ಹನ್ನೊಂದೂ ಉರಿದವು. ಬೂದಿಯನ್ನು ಚಪ್ಪಲಿಯಿಂದ ತಿಕ್ಕಿದಳು. ಉಳಿದದ್ದು ಫೋನು. ಸೆನ್ವಾರಾಳಿಗೆ ಕೊಟ್ಟ ಮಾತು ನೆನಪಾಗಲಿಲ್ಲವೇ? ಆಯಿತು, ಚೆನ್ನಾಗಿಯೇ ಆಯಿತು. ಆದರೆ ಕೇಳಲಿಕ್ಕೆ ಹೊತ್ತೆಲ್ಲಿದೆ, ಅವರ ಒಳ್ಳೆಯದಕ್ಕೇ ಅಲ್ಲವೇ, ಜೀವಕ್ಕಿಂತ ಮಾತು ದೊಡ್ಡದೇ ಎಂದು ತನಗೆ ತಾನೇ ಹೇಳಿಕೊಂಡಳು. ಒಂದೊಂದಾಗಿ ಅಳಿಸಿದಳು. ಸೆನ್ವಾರಾಳದ್ದು ಬಂದಾಗ ಬೆರಳು ತಡೆಯಿತು. ಕಣ್ಣು ಮುಚ್ಚಿ ಒತ್ತಿದಳು. ಅಳಿಸಿದ್ದು ಹೋಗಿ ಕೂರುವ ಜಾಗಕ್ಕೂ ಹೋಗಿ, ಅಲ್ಲಿಂದಲೂ ಅಳಿಸಿದಳು. ಇನ್ನು ದೇವರು ಬಂದರೂ ಸಿಗಲಿಕ್ಕಿಲ್ಲ. ಅಬ್ಬಾ, ಬದುಕಿಕೊಂಡರು ಎಂದುಕೊಂಡಳು. ಎದೆ ಹಗುರವಾಗಿ ಅಳು ಬಂತು.

ಬಂಟ್ವಾಳದಲ್ಲಿ ಯಾರೂ ತಡೆಯಲಿಲ್ಲ. ಕಲ್ಲಡ್ಕದ ಹೆದ್ದಾರಿಯಿಂದ ಶೆಡ್ಡಿನ ಮಣ್ಣುದಾರಿಗೆ ತಿರುಗಿದಾಗ ಪೊಲೀಸ್ ಜೀಪು ಕಂಡಿತು.

ಹನ್ನೊಂದು ಮಂದಿಯನ್ನೂ ಗೋಡೆಗೆ ಒರಗಿಸಿ ಸಾಲಾಗಿ ಕೂರಿಸಿದ್ದರು. ಬಾವಾ ತಲೆಗೆ ಕೈಕೊಟ್ಟು ತಕ್ಕಡಿಯ ಮೇಲೆ ಕೂತಿದ್ದರು. ಅವರ ಫೋನು, ನಫೀಸಮ್ಮನ ಫೋನು ಎರಡೂ ಜೀಪಿನ ಬಾನೆಟ್ಟಿನ ಮೇಲೆ. ಶೇಖರ ಎಂಬ ನರೆಗೂದಲಿನ ಎಎಸ್‌ಐ ಎಲ್ಲರ ಹೆಸರು ಬರೆದುಕೊಳ್ಳುತ್ತಿದ್ದ.

"ನಿಮಗೆ ಇಲ್ಲಿಯ ವಿಷಯ ಯಾರು ಹೇಳಿದ್ದು?" ಎಂದಳು ಶಶಿಪ್ರಭಾ.

"ನೀವೇ ಅಲ್ವಾ ಮೇಡಂ," ಎಂದು ಶೇಖರ ಕಾಲೇಜಿನಿಂದ ಬಂದ ಒಂದು ಜೆರಾಕ್ಸ್ ಪ್ರತಿ ತೋರಿಸಿದ. ಎರಡು ವರ್ಷದ ಹಿಂದೆ ಸಮಿತಿಗೆ ಅವಳು ಕೊಟ್ಟ ಅರ್ಜಿ. ಸಂಶೋಧನೆಯ ಸ್ಥಳ ಎಂಬಲ್ಲಿ ಮೊದಲು 'ಬಂಟ್ವಾಳ ತಾಲೂಕು' ಎಂದಷ್ಟೇ ಬರೆದಿದ್ದಳು. ಯಾರ ಜಾಗ ಅಂತ ಇಲ್ಲದೆ ಇದು ಎಂಥ ವಿಳಾಸ ಎಂದು ವಾಪಸ್ ಕಳಿಸಿದ್ದರು. ನಮ್ಮ ಕಡೆ ಹಾಗೆಯೇ, ಯಾರ ಮನೆ ಎಂದು ಹೇಳದ ಹೊರತು ಊರು ಊರೇ ಅಲ್ಲ. ಅವಳಿಗೂ ಅದು ಸರಿಯೆನಿಸಿ, 'ಬಾವಾ ಅವರ ಗುಜರಿ ಶೆಡ್, ಕಲ್ಲಡ್ಕ' ಎಂದು ಗುಂಡಗಿನ ಅಕ್ಷರದಲ್ಲಿ ಸೇರಿಸಿ, ಮರೆತೇಬಿಟ್ಟಿದ್ದಳು.

ಕರ್ಮವೇ! ಕೋರೆಯಲ್ಲಿ ಕೂತು ಸುಟ್ಟದ್ದು ಯಾವ ಚಂದಕ್ಕೆ?

ಅಷ್ಟರಲ್ಲಿ ಸೆನ್ವಾರಾ ಅವಳನ್ನು ನೋಡಿದಳು. ನೋಡಿದ್ದೇ ಮುಖ ಅರಳಿತು. ಎದ್ದು ನಿಂತು ಶೇಖರನಿಗೆ ಕೈಮುಗಿದಳು.

"ಸಾರ್, ಮೇಡಂ ಬಂದ್ರು. ನೀವು ಕೇಳಿದ್ದೆಲ್ಲ ಇವರ ಫೋನಿನಲ್ಲಿ ಉಂಟು. ನಾನು ಯಾಕೆ ಓಡಿದ್ದು, ಮಕ್ಕಳು ಹೇಗೆ ಹೋದದ್ದು, ಎಲ್ಲ ನನ್ನದೇ ಸ್ವರದಲ್ಲಿ. ಹಾಕಿ ಮೇಡಂ, ಅವರು ಕೇಳಲಿ. ನಾನೇ ಹೇಳ್ತಿದ್ದೇನೆ."

ಶೇಖರ ಪೆನ್ನು ಕೆಳಗಿಟ್ಟ. ಕೆಟ್ಟ ಮನುಷ್ಯನಲ್ಲ. "ಇದ್ರೆ ಕೊಡಿ ಮೇಡಂ. ಇವರ ನಿರಾಶ್ರಿತರ ಕಾರ್ಡಿನ ಅವಧಿ ಮುಗಿದಿದೆ. ಹಿಡಿಯುವ ಮೊದಲೇ ಹೇಳಿದ್ದು ಅಂತ ಒಂದು ಇದ್ರೆ ವಕೀಲರಿಗೆ ದೊಡ್ಡ ಆಧಾರ. ಇಲ್ದಿದ್ರೆ ಕಳ್ಳದಾರಿಯಲ್ಲಿ ಬಂದವರು ಅಂತ ವಾಪಸ್ ಕಳಿಸುವ ಲೆಕ್ಕಕ್ಕೇ ಹೋಗ್ತದೆ."

"ಇಲ್ಲ," ಎಂದಳು ಶಶಿಪ್ರಭಾ.

"ಉಂಟಲ್ಲ ಮೇಡಂ?" ಸೆನ್ವಾರಾ ನಕ್ಕಳು, ಮಕ್ಕಳಿಗೆ ನೆನಪಿಸುವವರ ಹಾಗೆ. "ನಫೀಸಮ್ಮ ಇದ್ರಲ್ಲ ಆ ದಿನ."

"ಅಳಿಸಿದೆ. ಈಗ, ಬರುವಾಗ. ನಿಮಗೆ ತೊಂದರೆ ಆಗ್ಬಾರ್ದು ಅಂತ..."

ಸೆನ್ವಾರಾ ಬೈಯಲಿಲ್ಲ. ಬೈದಿದ್ದರೆ ಶಶಿಪ್ರಭಾ ನಿರಾಳವಾಗಿ ಉಸಿರು ಬಿಡುತ್ತಿದ್ದಳೇನೋ. "ನನ್ನನ್ನು ಕೇಳ್ಲಿಲ್ಲ ನೀವು," ಎಂದಳು ಮೆಲ್ಲಗೆ, ಅಷ್ಟೇ. ನೆಲದ ಮೇಲೆ ಕೂತು, ಸೆರಗಿನಿಂದ ಬಾಯಿ ಒರೆಸಿಕೊಂಡು ಶೇಖರನ ಕಡೆ ತಿರುಗಿದಳು.

"ಬರ್ಕೊಳ್ಳಿ ಸಾರ್. ದೊಡ್ಡವನ ಹೆಸರು ಜುಬೈರ್. ಹೊಳೆಯಲ್ಲಿ ನೀರು..."

ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ. ಎರಡು ಸಲ ಎದೆಗೆ ಗುದ್ದಿಕೊಂಡಳು. ನಫೀಸಮ್ಮ ಓಡಿಬಂದು ಬೆನ್ನು ನೀವಿದರೂ ಬರಲಿಲ್ಲ.

"ಹೇಳಮ್ಮ, ಮುಂದೆ," ಎಂದ ಶೇಖರ.

ಮುಂದಿನದ್ದೆಲ್ಲ ಶಶಿಪ್ರಭಾಳಿಗೆ ಗೊತ್ತಿತ್ತು. "ನಾನು ಹೇಳ್ತೇನೆ, ಪ್ರತಿಯೊಂದು ಮಾತೂ ನೆನಪುಂಟು ನನಗೆ," ಎಂದು ಮುಂದೆ ಬಂದಳು.

"ನೀವು ಹೇಳಿದ್ರೆ ಆಗುವುದಿಲ್ಲ ಮೇಡಂ. ಅವರೇ ಹೇಳ್ಬೇಕು."

ಶೇಖರ ಇನ್ನೂ ಹತ್ತು ನಿಮಿಷ ಕಾದ. ಆಮೇಲೆ ಆ ಕಾಲಮ್ಮಿನಲ್ಲಿ 'ಹೇಳಿಕೆ ನೀಡಿರುವುದಿಲ್ಲ' ಎಂದು ಬರೆದು, ಎಲ್ಲರನ್ನೂ ಜೀಪಿಗೆ ಹತ್ತಲು ಹೇಳಿದ.